ಗ್ರೂಪಿಗೆ ಹಾಕದ ಫೋಟೋ

ಹೋದ ನವೆಂಬರಿನಲ್ಲಿ ಮಂಡ್ಯದಿಂದ ಚಿಕ್ಕಮ್ಮನ ಫೋನು ಬಂತು. ಅವರ ಮಗ, ಸೊಸೆ ದತ್ತು ಕೊಡಿಸುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದಲ್ಲಿ ಹೆಸರು ಬರೆಸಿ ಮೂರು ವರ್ಷಕ್ಕೂ ಜಾಸ್ತಿ ಕಾದಿದ್ದರು. ಕೊನೆಗೂ ಮಗು ಮನೆಗೆ ಬಂದಿತ್ತು. ಎಂಟು ತಿಂಗಳ ಹೆಣ್ಣುಮಗು. ನನಗೆ ಖುಷಿಯಲ್ಲಿ ಮಾತೇ ಹೊರಡಲಿಲ್ಲ. ಫೋಟೋ ಕಳಿಸಿ, ಗ್ರೂಪಿಗೆ ಹಾಕೋಣ ಅಂದೆ. "ಬ್ಯಾಡ ಕಣಪ್ಪ, ಸುಮ್ನಿರು. ಜನ ಒಂದಕ್ಕೆರಡು ಮಾತಾಡ್ತಾರೆ" ಅಂದರು.

ಆ ಮಾತು ಚುಚ್ಚಿತು. ಅದೇ ವಾರ ಇಲ್ಲಿ, ಅಮೆರಿಕದ ಒಹಾಯೋದ ಕೊಲಂಬಸ್‌ನಲ್ಲಿ, ಲೈಬ್ರರಿಯಲ್ಲಿ ಒಬ್ಬರ ಮಾತು ಕೇಳಲು ಹೋಗಿದ್ದೆ. ಬಹಳ ವರ್ಷ ರಾಜಕೀಯ ಪಕ್ಷಕ್ಕೆ ಚುನಾವಣೆ ತಂತ್ರ ಹೆಣೆದವರು. ಈಗ ಮಕ್ಕಳನ್ನು ದತ್ತು ತೆಗೆದುಕೊಳ್ಳಿ ಅಂತ ಹೇಳುವ ಸಂಸ್ಥೆಯೊಂದನ್ನು ನಡೆಸುತ್ತಾರೆ. ಮಾತು ಶುರು ಮಾಡುವ ಮೊದಲೇ ಪರ್ಸಿನಿಂದ ಒಂದು ಫೋಟೋ ತೆಗೆದು ಮುಂದಿನ ಸಾಲಿನವರ ಕೈಗೆ ಕೊಟ್ಟರು. ಅದು ನನ್ನ ಕೈಗೂ ಬಂತು. ಮೂಲೆಗಳು ಸವೆದಿದ್ದವು. ಕೋರ್ಟಿನಲ್ಲಿ ಜಡ್ಜ್ ಪಕ್ಕ ಟೆಡ್ಡಿ ಬೊಂಬೆ ಅವುಚಿಕೊಂಡು ನಿಂತ ಹುಡುಗಿ. ಅವರ ಮಗಳು. ಹಲ್ಲೊಂದು ಬಿದ್ದಿತ್ತು, ನಗು ಮಾತ್ರ ಮುಖದ ತುಂಬ.

ಇಲ್ಲಿ ನವೆಂಬರಿನ ಒಂದು ಶನಿವಾರ ಎಷ್ಟೋ ಕೋರ್ಟುಗಳು ದತ್ತು ಆದೇಶ ಕೊಡೋಕೆ ಅಂತಲೇ ಬಾಗಿಲು ತೆರೆಯುತ್ತವೆ. ನೆಂಟರೆಲ್ಲ ಬಂದು ಚಪ್ಪಾಳೆ ತಟ್ಟುತ್ತಾರೆ. ವೆಂಡೀಸ್ ಹೋಟೆಲುಗಳನ್ನು ಕಟ್ಟಿದ ಡೇವ್ ಥಾಮಸ್ ತಾವೇ ದತ್ತುಮಗ. ಅದನ್ನು ಊರಿಗೆಲ್ಲ ಹೇಳಿಕೊಂಡು, 1992ರಲ್ಲಿ ಇಂಥ ಮಕ್ಕಳಿಗಾಗಿ ಒಂದು ಪ್ರತಿಷ್ಠಾನವನ್ನೇ ಶುರು ಮಾಡಿದರು.

ನಮಗೇನು ಇದು ಹೊಸದಾ? ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಒಪ್ಪಲಿಲ್ಲ. ಆ ಇಳಿವಯಸ್ಸಿನಲ್ಲೂ ಅವರು ಬಿಡಲಿಲ್ಲ, 1867ರಲ್ಲಿ ಒಪ್ಪಿಸಿದರು. ಬ್ರಿಟಿಷರ ಕೈಯಲ್ಲಿದ್ದ ಮೈಸೂರು 1881ರಲ್ಲಿ ಆ ದತ್ತುಮಗನ ಕೈಗೇ ವಾಪಸ್ ಬಂತು. 2015ರಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡ ದಿನ ಇದೇ ಚಿಕ್ಕಮ್ಮ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಅರಮನೆಗೆ ಬಂದರೆ ಭಾಗ್ಯ, ನಮ್ಮ ಹಟ್ಟಿಗೆ ಬಂದರೆ ಗುಟ್ಟು. ಯಾಕೆ?

ಲೈಬ್ರರಿಯಲ್ಲಿ ಮಾತಾಡಿದವರು ಹೇಳಿದ ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ವೋಟು ಕೇಳುವ ಹಾಗೇ ಮನೆಮನೆಗೆ ಹೋಗುತ್ತಾರಂತೆ. ಬಾಗಿಲು ಹಾಕಿಕೊಂಡವರ ಮನೆಗೆ ಇನ್ನೊಂದು ಸಲ ಹೋಗುತ್ತಾರಂತೆ. ನಮ್ಮ ಮಂಡ್ಯದಲ್ಲಿ ಬೂತ್ ಮಟ್ಟದ ಹುಡುಗರಿಗೆ ಯಾವ ಮನೆಯಲ್ಲಿ ಎಷ್ಟು ವೋಟು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲ ಬಾಯಿಪಾಠ. ಮಕ್ಕಳಿಲ್ಲ ಅಂತ ಯಾರು ಕೊರಗುತ್ತಿದ್ದಾರೆ ಅನ್ನೋದೂ ಗೊತ್ತು. ಆ ಮನೆಗೆ ಹೋಗಿ, ಕಾರಾದಲ್ಲಿ ಹೆಸರು ಬರೆಸಿ ಅಣ್ಣ, ನಾನು ಜೊತೆಗೆ ಬರ್ತೀನಿ ಅನ್ನೋಕೆ ಎಷ್ಟು ಹೊತ್ತು ಬೇಕು? 2023ರಲ್ಲಿ ಇದೇ ಮಂಡ್ಯದ ಆಲೆಮನೆಯೊಂದರಲ್ಲಿ ಹೆಣ್ಣು ಭ್ರೂಣ ಪತ್ತೆ ನಡೆಯುತ್ತಿತ್ತು ಅಂತ ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದೇ ಊರಿಗೆ ಒಂದು ಹೆಣ್ಣುಮಗು ಹಂಬಲಿಸಿ ಕರೆಸಿಕೊಂಡ ಹಾಗೆ ಬಂದಿದೆ. ಅದನ್ನು ಮುಚ್ಚಿಡಬೇಕಾ?

ಇಲ್ಲಿ ಅಮೆರಿಕದಲ್ಲೂ ಎಲ್ಲ ಸರಿಯಿಲ್ಲ, ಒಪ್ಪುತ್ತೇನೆ. ಖಾಸಗಿಯಾಗಿ ಮಗು ಪಡೆಯೋಕೆ ಹತ್ತಾರು ಸಾವಿರ ಡಾಲರ್ ಬೇಕು. ದೊಡ್ಡ ಮಕ್ಕಳನ್ನು ಕೇಳುವವರು ಕಡಿಮೆ, ಮನೆಯೇ ಸಿಗದೆ ಹದಿನೆಂಟು ತುಂಬಿ ಬೀದಿಗೆ ಬೀಳುವವರಿದ್ದಾರೆ. ನಮ್ಮಲ್ಲಿ ಖರ್ಚು ಅಷ್ಟಿಲ್ಲ. 2022ರಿಂದ ಕೋರ್ಟಿಗೆ ಅಲೆಯೋದೂ ತಪ್ಪಿದೆ, ಜಿಲ್ಲಾಧಿಕಾರಿಯೇ ಆದೇಶ ಕೊಡುತ್ತಾರೆ. ನಮ್ಮಜ್ಜಿಯಂತೂ ತೀರಿಹೋದ ತಂಗಿಯ ಇಬ್ಬರು ಮಕ್ಕಳನ್ನು ಯಾವ ಕಾಗದವೂ ಇಲ್ಲದೆ ಸಾಕಿದರು. ಮುದ್ದೆ ಮುರಿದು ಕೊಡುವಾಗ ಯಾರ ತಟ್ಟೆಗೂ ಕಮ್ಮಿ ಮಾಡಲಿಲ್ಲ.

ಮೊನ್ನೆ ಚಿಕ್ಕಮ್ಮ ಫೋಟೋ ಕಳಿಸಿದರು, ನನಗೊಬ್ಬನಿಗೆ. ಮಗು ಅವರ ಸೊಂಟದ ಮೇಲೆ ಕೂತಿದೆ. ಕೆನ್ನೆಗೆ ದೃಷ್ಟಿಬೊಟ್ಟು, ಮುಷ್ಟಿಯಲ್ಲಿ ಅಜ್ಜಿಯ ತಾಳಿ ಸರ. ಯುಗಾದಿಗೆ ಬರ್ತಿದ್ದೀನಿ, ಅಷ್ಟರಲ್ಲಿ ಇದನ್ನ ನೀವೇ ಗ್ರೂಪಿಗೆ ಹಾಕಿ ಚಿಕ್ಕಮ್ಮ ಅಂತ ಬರೆದಿದ್ದೇನೆ.