ಪಂಪ್ ಬಿಚ್ಚುವ ಮುನ್ನ ಫೀಡ್ ಲೈನ್ ನೋಡಿ

ಹಳೇ ಟಾಟಾ ಲಾರಿ ಘಾಟಿಯಲ್ಲಿ ಎಳೆಯದಿದ್ದರೆ ಇಂಜೆಕ್ಷನ್ ಪಂಪಿನ (ಎಂಜಿನ್ನಿಗೆ ಡೀಸೆಲ್ ಅಳೆದು ಒತ್ತಡದಲ್ಲಿ ಕೊಡುವ ಪಂಪ್) ಕ್ಯಾಲಿಬ್ರೇಶನ್, ಅಂದರೆ ಡೀಸೆಲ್ ಅಳತೆ ಸರಿಪಡಿಸುವ ಕೆಲಸ ಮಾಡಿಸಿ ಎಂದು ಲೇಖನದಲ್ಲಿ ಬರೆದಿದ್ದೀರಿ ಸರ್. ಅದು ಕೊನೆಯ ಕೆಲಸ. ಮೊದಲು ಹೊಗೆ ನೋಡಬೇಕು. ಲೋಡಿನಲ್ಲಿ ಹೊಗೆಯೇ ಇಲ್ಲದೆ ಎಳೆತ ಬಿದ್ದಿದ್ದರೆ ಹೆಚ್ಚಾಗಿ ಡೀಸೆಲ್ ಸಾಲುತ್ತಿಲ್ಲ ಎಂದರ್ಥ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ಟರ್ಬೊ ಹೋಸ್, ಡೀಸೆಲ್ ಸಿಂಪಡಿಸುವ ನಾಝಲ್ ನೋಡಿ.

ಡೀಸೆಲ್ ಕೊರತೆಗೆ ಒಳ್ಳೆಯ ಪರೀಕ್ಷೆ ಇದೆ. ಟ್ಯಾಂಕಿನಿಂದ ಡೀಸೆಲ್ ಹೀರಿ ಇಂಜೆಕ್ಷನ್ ಪಂಪಿಗೆ ಕೊಡುವುದು ಫೀಡ್ ಪಂಪ್. ಫೀಡ್ ಪಂಪಿನ ಇನ್‌ಲೆಟ್‌ನಿಂದ ಟ್ಯಾಂಕ್ ಲೈನ್ ಬಿಚ್ಚಿ, ಪಾರದರ್ಶಕ ಡೀಸೆಲ್ ಹೋಸ್ ಹಾಕಿ 5 ಲೀಟರ್ ಕ್ಯಾನಿನ ಶುದ್ಧ ಡೀಸೆಲ್‌ಗೆ ಇಳಿಬಿಡಿ. ಕ್ಯಾನನ್ನು ಸೈಲೆನ್ಸರಿನಿಂದ ದೂರ ಭದ್ರವಾಗಿ ಕಟ್ಟಿ, ಲೈನಿನೊಳಗಿನ ಏರ್ ತೆಗೆದು ಲಾರಿ ಓಡಿಸಿ. ಎಳೆತ ಮರಳಿದರೆ ತೊಂದರೆ ಟ್ಯಾಂಕಿನ ಜಾಲರಿಯಲ್ಲಿ, ಒಳಪದರ ಕಿತ್ತ ರಬ್ಬರ್ ಹೋಸಿನಲ್ಲಿ ಅಥವಾ ಪೈಪ್ ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೊ ಬೋಲ್ಟ್) ತಾಮ್ರದ ವಾಷರಿನಲ್ಲಿದೆ. ಇಲ್ಲಿ ಲೀಕ್ ಇದ್ದರೂ ಹೊರಗೆ ಹನಿ ಕಾಣದಿರಬಹುದು. ಫೀಡ್ ಪಂಪ್ ಹೀರುವ ಲೈನ್ ಇದು, ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತೆ.

ಎಳೆತ ಮರಳದಿದ್ದರೆ ಫಿಲ್ಟರ್, ಫೀಡ್ ಪಂಪಿನ ವಾಲ್ವ್, ಓವರ್‌ಫ್ಲೋ ವಾಲ್ವ್ ನೋಡಿ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಪಂಪಿನಲ್ಲಿ ಒತ್ತಡ ಹಿಡಿದು ಹೆಚ್ಚಾದ ಡೀಸೆಲನ್ನಷ್ಟೇ ವಾಪಸ್ ಬಿಡುವ ವಾಲ್ವ್ ಅದು. ಅದರ ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲದೆ ಡೀಸೆಲ್ ಟ್ಯಾಂಕಿಗೇ ವಾಪಸ್. ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಪಂಪಿನ ಲಿವರ್ ಸ್ಟಾಪ್ ಸ್ಕ್ರೂಗೆ ತಾಗುತ್ತದೆಯೇ ಎಂದೂ ನೋಡಿ. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಪಂಪ್ ಇಳಿಸಿ. ದಯವಿಟ್ಟು ಯಾರೂ ಪಂಪಿನ ಸೀಲ್ ಒಡೆದು ಡೀಸೆಲ್ ಹೆಚ್ಚಿಸಲು ಫ್ಯುಯೆಲ್ ಸ್ಕ್ರೂ ತಿರುಗಿಸಬೇಡಿ, ಹೊಗೆಯ ಜೊತೆ ಪಿಸ್ಟನ್ನೂ ಸುಡುತ್ತೆ.