ಎಡಗಾಲಿನ ಮಗು

ನಮ್ಮ ನಾಯಿ ಚಿನ್ನಿ ನನ್ನ ಎಡಗಾಲಿನ ಚಪ್ಪಲಿಗೆ ತಾಯಿಯಾದಳು. ಬಲಗಾಲಿನದು ಯಾಕೋ ಅವಳಿಗೆ ಬೇಡವಾಯಿತು. ಎಡಗಾಲಿನದನ್ನು ಮಾತ್ರ ಮಂಚದ ಕೆಳಗೆ ಒಯ್ದು, ಹೊಟ್ಟೆಗೆ ಅವಚಿಕೊಂಡು, ನೆಕ್ಕುತ್ತಾ ಮಲಗುತ್ತಿದ್ದಳು. ಕೈ ಚಾಚಿದರೆ ಗುರ್!

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ "ಸುಳ್ಳು ಬಸಿರು" ಅಂದರು. ಹೆಣ್ಣುನಾಯಿಗಳಲ್ಲಿ ಇದು ಮಾಮೂಲು. ಬೆದೆ ಮುಗಿದು ಒಂದೆರಡು ತಿಂಗಳಿಗೆ ಬಸಿರು ಕಾಯುವ ಹಾರ್ಮೋನು ಪ್ರೊಜೆಸ್ಟರಾನ್ ಇಳಿಯುತ್ತದೆ, ಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುತ್ತದೆ. ಮರಿ ಇಲ್ಲದಿದ್ದರೂ ಕೆಲವಕ್ಕೆ ಹಾಲು ಬರುತ್ತದೆ. ಹಾಲು ಬಂದ ಮೇಲೆ ಕುಡಿಯೋಕೆ ಯಾರಾದರೂ ಬೇಕಲ್ವಾ? "ಚಪ್ಪಲಿ ಎತ್ತಿಡಿ, ಕೆಲವು ವಾರದಲ್ಲಿ ಸರಿಹೋಗುತ್ತಾಳೆ" ಅಂದರು.

ಎತ್ತಿಟ್ಟೆವು. ಅಷ್ಟರಲ್ಲಿ ತಾಯಿ ಬಿಟ್ಟುಹೋದ ಬೆಕ್ಕಿನ ಮರಿಯೊಂದು ಹಿತ್ತಲಲ್ಲಿ ಕಿರುಚತೊಡಗಿತು. ಓಡಿಹೋದ ಚಿನ್ನಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಬಂದಳು. ತಿಂದೇಬಿಟ್ಟಳು ಅಂತ ಮನೆಯವರೆಲ್ಲ ಕೂಗಿಕೊಂಡೆವು. ಅವಳು ಕ್ಯಾರೇ ಅನ್ನದೆ ಮಂಚದ ಕೆಳಗೆ ನುಗ್ಗಿದಳು. ಮರಿ ಒಂದು ಸಲ ಪರಚಿತು. ಆಮೇಲೆ ಅದಕ್ಕೆ ಹಾಲು ಸಿಕ್ಕಿತು. ಡಾಕ್ಟರಿಗೆ ಫೋನ್ ಮಾಡಿದರೆ, "ಅದು ಚೀಪುವ ತನಕ ಹಾಲು ನಿಲ್ಲಲ್ಲ" ಅಂತ ನಕ್ಕರು.

ಎಲ್ಲ ಹಾರ್ಮೋನಿನ ಆಟ ಅಂತ ಸುಮ್ಮನಿರೋಣ ಅಂದರೆ ಕೀನ್ಯಾದ ಆಮೆ ಬಿಡುವುದಿಲ್ಲ. 2004ರ ಸುನಾಮಿ ಹೊತ್ತಲ್ಲಿ ಒಂಟಿಯಾದ ಓವೆನ್ ಎಂಬ ನೀರಾನೆ ಮರಿಯನ್ನು ಮೊಂಬಾಸಾ ಬಳಿಯ ಹಾಲರ್ ಪಾರ್ಕಿಗೆ ತಂದಿದ್ದರು. ಅದು ಹೋಗಿ ಮ್ಜೀ ಎಂಬ ದೈತ್ಯ ಆಮೆಯ ಹಿಂದೆ ಅಡಗಿತು. ಮ್ಜೀಗೆ ಆಗ ಸುಮಾರು 130 ವರ್ಷ. ಗಂಡು ಬೇರೆ. ಹಾಲಿನ ನೆಪವೂ ಇಲ್ಲ. ಮೊದಲು ಬುಸ್ ಅಂದು ದೂರ ಸರಿಯಿತು. ಆಮೆ ದೂರ ಸರಿಯೋದು ಅಂದರೆ ಎಷ್ಟು ದೂರ ಹೇಳಿ? ಮರಿ ಆರಾಮಾಗಿ ಹಿಂದೆಯೇ ಹೋಯಿತು. ಕೊನೆಗೆ ಎರಡೂ ಒಟ್ಟಿಗೆ ತಿಂದು, ಒಟ್ಟಿಗೆ ಮಲಗತೊಡಗಿದವು. ಇಂಥ ಕತೆಗಳಲ್ಲಿ ಎಲ್ಲರೂ ಸಾಕಿದವರ ಕರುಣೆಯನ್ನು ಹೊಗಳುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಮಾಡುವುದು ಮರಿಗಳ ಹಠ.

ನಮ್ಮ ಮರಿಯದೂ ಅದೇ ಹಠ. ಚಿನ್ನಿಯ ಹಾಲು ಎಂದೋ ಬತ್ತಿತು, ಬೆಕ್ಕು ಬೆಳೆದು ನಿಂತಿತು, ಆದರೂ ಬಾಲ ಹಿಡಿದು ಓಡಾಡುವುದು ಬಿಟ್ಟಿಲ್ಲ. ಅವಳ ತಟ್ಟೆಯಲ್ಲೇ ತಿನ್ನಬೇಕು, ಅವಳ ಕಿವಿ ಕಚ್ಚಿಕೊಂಡೇ ಮಲಗಬೇಕು. ಜಾಸ್ತಿಯಾದಾಗ ಚಿನ್ನಿ ಬಂದು ನನ್ನ ಕುರ್ಚಿ ಹಿಂದೆ ಬಚ್ಚಿಟ್ಟುಕೊಳ್ಳುತ್ತಾಳೆ. ಬೆಕ್ಕು ನನ್ನ ತೊಡೆ ಹತ್ತಿ, ಅಲ್ಲಿಂದ ಅವಳ ಮೇಲೆ ಜಿಗಿಯುತ್ತದೆ. ಪರಚಿದ ಗಾಯ ಮಾತ್ರ ನನಗೆ.

ನಮ್ಮ ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡು ಇದೆ. ಕೊರಿಯರ್ ಹುಡುಗ ಬೆಲ್ ಒತ್ತಿದರೆ ಬೆಕ್ಕು ಓಡಿಹೋಗಿ, ಬೆನ್ನು ಉಬ್ಬಿಸಿ ಬುಸುಗುಡುತ್ತದೆ. ಆ ಎರಡು ನಿಮಿಷ ಕಾಟ ತಪ್ಪಿತಲ್ಲ ಅಂತ ಚಿನ್ನಿ ಒಳಗೆ ಗೊರಕೆ ಹೊಡೆಯುತ್ತಾಳೆ.