ಅವರೇ ಕರೆದ ಸಂದರ್ಶನ

ನಾನಾಗಿ ಕೆಲಸ ಹುಡುಕಿಕೊಂಡು ಹೋಗಿದ್ದರೆ ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ದಿನದಿಂದಲೂ ಮೈಸೂರಿನ ಸಣ್ಣ ಕಂಪನಿಯೊಂದರಲ್ಲಿ ಅದರ ರಿಟರ್ನುಗಳನ್ನು ತುಂಬುತ್ತ ಕುಳಿತಿದ್ದ ನನಗೆ, ಬೆಂಗಳೂರಿನ ಕನ್ಸಲ್ಟೆನ್ಸಿಯ ಹುಡುಗಿಯೊಬ್ಬಳು ತಾನಾಗಿಯೇ ಫೋನು ಮಾಡಿ, "ಸರ್, ನಿಮ್ಮಂಥ ಪ್ರೊಫೈಲ್‌ಗೇ ಅವರು ಎರಡು ತಿಂಗಳಿಂದ ಕಾಯ್ತಿದ್ದಾರೆ" ಎಂದಳು. ನನಗಾಗಿ ಅಷ್ಟು ದಿನ ಕಾದವರು ಅದುವರೆಗೆ ಯಾರೂ ಇರಲಿಲ್ಲ. ನನ್ನ ಮದುವೆಯ ದಿನವೂ ದಿಬ್ಬಣ ತುಸು ತಡವಾದದ್ದಕ್ಕೆ ಹೆಣ್ಣಿನ ಕಡೆಯವರು ತಿಂಡಿ ಮುಗಿಸಿ ಕೈ ತೊಳೆದಿದ್ದರು.

ಆಕೆ ಗೊತ್ತುಮಾಡಿದ್ದು ತಿಂಗಳ 19ನೇ ತಾರೀಖು. ಜಿಎಸ್‌ಟಿಆರ್-3ಬಿ ಎಂಬ ತಿಂಗಳ ರಿಟರ್ನು ಸಲ್ಲಿಸಲು 20 ಕಡೆಯ ದಿನವೆಂದು ಬಲ್ಲವರು ಯಾರೂ ಅಂದು ರಜೆ ಕೇಳುವ ಧೈರ್ಯ ಮಾಡುವುದಿಲ್ಲ. ದವಡೆ ಹಲ್ಲು ಕೀಳಿಸಬೇಕೆಂದು ಹೇಳಿದ ನಾನು, ಸಾಕ್ಷಿಗಿರಲಿ ಎಂದು ಹಿಂದಿನ ದಿನವಿಡೀ ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ಇನ್‌ವಾಯ್ಸ್‌ಗಳನ್ನು ತಾಳೆ ನೋಡಿದೆ. ಹೇಗೂ ಬೆಂಗಳೂರಿಗೆ ಹೋಗುತ್ತೀರಲ್ಲ ಎಂದು ಹೆಂಡತಿ ತನ್ನ ಅಕ್ಕನ ಮನೆಗಾಗಿ ಮೈಸೂರುಪಾಕಿನ ನಾಲ್ಕು ಡಬ್ಬಗಳನ್ನು ಕಟ್ಟಿಕೊಟ್ಟಳು.

ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕುಂದಲಹಳ್ಳಿಯವರೆಗೂ ನಿಂತೇ ಹೋದೆ. ಗೇಟಿನ ಸೆಕ್ಯುರಿಟಿಯವರು ಡಬ್ಬಗಳನ್ನೊಮ್ಮೆ ದಿಟ್ಟಿಸಿ, ಚೀಟಿಯಲ್ಲಿ ಏನನ್ನೋ ಗುರುತುಮಾಡಿ, ಇಸ್ತ್ರಿ ಮಾಡಿದ ಅಂಗಿಯ ಮೇಲೊಂದು ಸ್ಟಿಕ್ಕರ್ ಅಂಟಿಸಿ ಒಳಗೆ ಬಿಟ್ಟರು.

ಎರಡು ತಿಂಗಳು ಕಾದವರು ನನ್ನನ್ನು ಒಂದೂ ಮುಕ್ಕಾಲು ಗಂಟೆ ಕಾಯಿಸಿದರು. ಕೊನೆಗೆ ಬಂದ ತರುಣ ಅಧಿಕಾರಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ನಮ್ಮ ಕಂಪನಿಗೇ ಯಾಕೆ ಅಪ್ಲೈ ಮಾಡಿದ್ರಿ?" ಎಂದು ಕೇಳಿದರು.

"ನಾನು ಮಾಡಲಿಲ್ಲ ಸರ್. ನೀವೇ ಕರೆಸಿದಿರಿ."

ಅವರು ಆಗ ಮೊದಲ ಬಾರಿಗೆ ನನ್ನ ರೆಸ್ಯೂಮ್ ತೆರೆದರೆಂಬುದು, ಹೆಸರು ಓದಲು ಹುಬ್ಬು ಗಂಟಿಕ್ಕಿದ್ದರಿಂದ ತಿಳಿಯಿತು. ಸ್ವಲ್ಪ ಹೊತ್ತು ಬೆರಳಿನಿಂದ ಪುಟ ಸರಿಸಿ, "ಟೆಕ್ಸಸ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ರೇಟ್ ಎಷ್ಟು?" ಎಂದರು. ಏಳೆಂಟು ವರ್ಷಗಳ ಅಭ್ಯಾಸಬಲದಿಂದ ನನ್ನ ಬಾಯಿ, "ಹದಿನೆಂಟು" ಎಂದುಬಿಟ್ಟಿತು.

ಖಾಲಿಯಿದ್ದ ಹುದ್ದೆ ಅಮೆರಿಕದ ಮಾರಾಟ ತೆರಿಗೆಗೆ ಸಂಬಂಧಿಸಿದ್ದಂತೆ. ಅಲ್ಲಿ ನಮ್ಮಂತೆ ದೇಶಕ್ಕೆಲ್ಲ ಒಂದೇ ಜಿಎಸ್‌ಟಿ ಇಲ್ಲ, ರಾಜ್ಯ ರಾಜ್ಯಕ್ಕೂ ಬೇರೆ ದರವಿದೆ. ಕನ್ಸಲ್ಟೆನ್ಸಿಯವರು 'ಟ್ಯಾಕ್ಸ್' ಎಂಬ ಪದ ಕಂಡ ರೆಸ್ಯೂಮ್‌ಗಳನ್ನೆಲ್ಲ ಬಾಚಿ ಕಳಿಸಿದ್ದರೆಂದು ತೋರುತ್ತದೆ. (ಟೆಕ್ಸಸ್ ರಾಜ್ಯದ ದರ ಶೇ. 6.25 ಎಂದು ಆಮೇಲೆ ಮೆಟ್ರೊದಲ್ಲಿ ನೋಡಿಕೊಂಡೆ. ಆ ರಾಜ್ಯದ ಜನರಿಂದ ಶೇ. 11.75ರಷ್ಟು ಹೆಚ್ಚುವರಿಯಾಗಿ ವಸೂಲು ಮಾಡಿದ್ದೆ.) ಆರೇ ನಿಮಿಷಗಳಲ್ಲಿ ಅವರು, "ಎಚ್‌ಆರ್‌ನವರು ತಿಳಿಸ್ತಾರೆ" ಎಂದು ಮತ್ತೊಂದು ಮೀಟಿಂಗಿಗೆ ಎದ್ದುಹೋದರು.

ಗೇಟಿನಲ್ಲಿ ಬೇರೊಬ್ಬ ಸೆಕ್ಯುರಿಟಿಯಿದ್ದ. ಭೇಟಿಯಾದವರ ಸಹಿಯಿಲ್ಲದೆ ಹೊರಗೆ ಬಿಡುವಂತಿಲ್ಲವೆಂದು ಅಡ್ಡಗಟ್ಟಿದವನು, ಚೀಟಿಯನ್ನು ಇನ್ನೊಮ್ಮೆ ನೋಡಿ, "ಓ, ನಿಮ್ಗೆ ಸಹಿ ಬೇಡ, ಹೋಗಿ ಸರ್" ಎಂದ. ಬಂದ ಉದ್ದೇಶದ ಕಾಲಮ್ಮಿನಲ್ಲಿ ಬೆಳಗಿನವರು 'ಡೆಲಿವರಿ' ಎಂದು ಗುರುತು ಹಾಕಿದ್ದರು. ನಾನು ಹೊರಡುವಷ್ಟರಲ್ಲಿ ಅವನ ಕಣ್ಣು ನನ್ನ ಕೈಯಲ್ಲೇ ಉಳಿದಿದ್ದ ಡಬ್ಬಗಳ ಮೇಲೆ ಬಿತ್ತು.

"ಅಯ್ಯೋ, ಒಳಗಡೆ ತಗೊಳ್ಳಲಿಲ್ವಾ ಸರ್?"

"ಇಲ್ಲಪ್ಪ, ತಗೊಳ್ಳಲಿಲ್ಲ" ಎಂದೆ.